ಸಾಹುಕಾರನ ಬಲಗಡೆ ಬ್ರೇಕಕ್ಕ

"ಬಂದೆ ಕಣೋ, ಬಲಗಡೆಯಿಂದ ಬಂದೆ. ಇದು ನಾನು. ಇದು ಬಕೆಟ್ಟು. ಬಕೆಟ್ಟು ನಿನ್ನ ಕಚ್ಚಲ್ಲ."

ಗುರುವಾರ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಲಾಯದ ಉದ್ದನೆಯ ಓಣಿಯಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಕೊನೆಯ ಅಂಕಣದಲ್ಲಿ ರಬ್ಬರ್ ಬೂಟು ತೊಟ್ಟ, ತಲೆಗೆ ಬಿಗಿಯಾಗಿ ವಸ್ತ್ರ ಕಟ್ಟಿಕೊಂಡ ಹೆಂಗಸೊಬ್ಬರು ಕಂದು ಕುದುರೆಯೊಂದರ ಮೈ ತಿಕ್ಕುತ್ತಿದ್ದಾರೆ. ಕೈ ಎಷ್ಟು ಓಡುತ್ತದೋ ಬಾಯಿಯೂ ಅಷ್ಟೇ ಓಡುತ್ತದೆ. ಬ್ರಷ್ಷು ಹೊಟ್ಟೆಯ ಕೆಳಗೆ ಹೋಗುವ ಮುನ್ನ "ಹೊಟ್ಟೆ" ಎನ್ನುತ್ತಾರೆ. ಗೊರಸು ಎತ್ತುವ ಮುನ್ನ "ಕಾಲು ಕೊಡಪ್ಪ" ಎನ್ನುತ್ತಾರೆ. ಕುದುರೆ ಒಂದು ಕಿವಿಯನ್ನು ಅವರ ಕಡೆ ತಿರುಗಿಸಿ, ದೊಡ್ಡ ಮನುಷ್ಯರು ಮನೆಯಾಳಿನ ವರದಿ ಕೇಳುವ ಹಾಗೆ ಕೇಳಿಸಿಕೊಳ್ಳುತ್ತದೆ. ಹೊಟ್ಟೆ ಮುಂದೆ, ಕತ್ತು ಮೇಲೆ, ನಡಿಗೆಯಲ್ಲಿ ಯಾವ ಅವಸರವೂ ಇಲ್ಲ. ಅದಕ್ಕೇ ಇಲ್ಲಿ ಎಲ್ಲರೂ ಅವನನ್ನು ಸಾಹುಕಾರ ಎಂದು ಕರೆಯುತ್ತಾರೆ.

"ಇವನ ಹತ್ರ ಮಾತಾಡ್ತಾನೇ ಇರ್ಬೇಕು," ಎನ್ನುತ್ತಾರೆ ಆಕೆ, ಲದ್ದಿಯನ್ನು ಸಲಿಕೆಯಲ್ಲಿ ಎತ್ತಿ ಕೈಗಾಡಿಗೆ ಹಾಕುತ್ತ. "ಬಲಗಣ್ಣು ಹೋಗಿದೆ. ಹೇಳದೆ ಕೇಳದೆ ಪಕ್ಕದಿಂದ ಬಂದು ಮುಟ್ಟಿದ್ರೆ ಗಾಬರಿ ಆಗಲ್ವಾ? ನಿಮಗೂ ಆಗುತ್ತೆ."

ಊರಿನ ಬಸ್ಸುಗಳಲ್ಲಿ ಓಡಾಡುವವರಿಗೆ ಈ ಮುಖ ಗೊತ್ತಿರಬಹುದು, ಆದರೆ ಕನ್ನಡಿಯೊಳಗೆ ಮಾತ್ರ. ಆಕೆ ನಗರ ಸಾರಿಗೆಯ ಚಾಲಕಿ. ವಯಸ್ಸು ಐವತ್ತರ ಈಚೆ ಒಂದೆರಡು ವರ್ಷ. ಡಿಪೋದಲ್ಲಿ ಯಾರೂ ಆಕೆಯನ್ನು ಹೆಸರಿಟ್ಟು ಕರೆಯುವುದಿಲ್ಲ, 'ಬ್ರೇಕಕ್ಕ' ಎನ್ನುತ್ತಾರೆ. ಬಸ್ಸು ನಿಂತಿತು ಎಂಬುದು ಒಳಗಿರುವವರಿಗೆ ಗೊತ್ತಾಗುವುದೇ ಬಾಗಿಲು ತೆರೆದಾಗ. ತೊಡೆಯ ಮೇಲೆ ಮೊಟ್ಟೆ ಬುಟ್ಟಿ ಇಟ್ಟುಕೊಂಡು ಬರುವ ಅಂಗಡಿಯ ಅಜ್ಜಿಯೊಬ್ಬರು ಬೇರೆ ಬಸ್ಸು ಬಂದರೆ ಹತ್ತದೆ, ಬ್ರೇಕಕ್ಕನ ಬಸ್ಸಿಗೇ ಕಾಯುತ್ತಾರಂತೆ. ಪಾಳಿ ಶುರುವಾಗುವುದು ಮಧ್ಯಾಹ್ನ. ಅದಕ್ಕೂ ಮುಂಚಿನ ಹೊತ್ತೆಲ್ಲ ಸಾಹುಕಾರನದು. ಲಾಯ ಗುಡಿಸುತ್ತಾರೆ, ನೀರು ತುಂಬುತ್ತಾರೆ, ಹುಲ್ಲು ಹಾಕುತ್ತಾರೆ. ಅದಕ್ಕೆ ಬದಲಾಗಿ ಸವಾರಿ ಶಾಲೆಯವರು ಆಕೆಗೆ ಕುದುರೆ ಹತ್ತಲು ಬಿಡುತ್ತಾರೆ.

ಆಕೆ ಮಾಡುವ ಸವಾರಿಗೆ ಡ್ರೆಸಾಜ್ ಎಂದು ಹೆಸರು. ಓಟದ ಪಂದ್ಯವಲ್ಲ, ಬೇಲಿ ಹಾರುವುದೂ ಅಲ್ಲ. ಮರಳು ಹಾಸಿದ ಉದ್ದನೆಯ ಅಂಗಳ, ಅಂಚಿನುದ್ದಕ್ಕೂ ಅಕ್ಷರ ಬರೆದ ಫಲಕಗಳು. ಇಂಥ ಅಕ್ಷರದಲ್ಲಿ ನಡಿಗೆ, ಇಂಥಲ್ಲಿಂದ ಕುಲುಕು ಓಟ, ಇಲ್ಲೊಂದು ವೃತ್ತ, ಅಲ್ಲಿ ನಿಲುಗಡೆ. ಎಲ್ಲವನ್ನೂ ಕುದುರೆ ತಾನೇ ಮನಸ್ಸು ಮಾಡಿ ಮಾಡಿದಂತೆ ಕಾಣಬೇಕು. ಸವಾರರು ಏನು ಹೇಳಿದರು, ಹೇಗೆ ಹೇಳಿದರು ಎಂಬುದು ನೋಡುವವರಿಗೆ ತಿಳಿಯಕೂಡದು. ಇದನ್ನೇ ಉಸಿರಾಗಿಸಿಕೊಂಡವರು ಇದ್ದಾರೆ. ಬ್ರೇಕಕ್ಕನಂತೆ ಹೊಟ್ಟೆಪಾಡಿನ ಕೆಲಸ ಮುಗಿಸಿಯೋ ಶುರುಮಾಡುವ ಮುನ್ನವೋ ಬಂದು ಕಲಿಯುವ ಹವ್ಯಾಸಿಗಳೂ ಇದ್ದಾರೆ. ಅವರಿಗೆಂದೇ ಬೇರೆ ಸ್ಪರ್ಧೆ ಇದೆ.

ಆ ಸ್ಪರ್ಧೆ ಬರುವ ಭಾನುವಾರ. ಬ್ರೇಕಕ್ಕನಿಗೆ ಅಂದು ಗೆಲ್ಲುವ ಆಸೆಯೇನಿಲ್ಲ. ಇರುವುದು ಬೇರೆ ಭಯ. ಜನ, ಗದ್ದಲ, ಹಾರಾಡುವ ಬಟ್ಟೆ ಎಲ್ಲದರ ನಡುವೆ ಸಾಹುಕಾರ ಹೆದರದೆ ನಡೆದರೆ ಅವನು ಈ ಲಾಯದಲ್ಲೇ ಉಳಿಯುತ್ತಾನೆ. ಅಂಗಳ ಬಿಟ್ಟು ಓಡಿದರೆ ಅವನನ್ನು ದೂರದ ಯಾರದೋ ಹುಲ್ಲುಗಾವಲಿಗೆ ಕಳಿಸಿಬಿಡುತ್ತಾರೆ. ಹಾಗೆಂದು ಸವಾರಿ ಶಾಲೆಯ ಯಜಮಾನತಿ ಹೇಳಿಯಾಗಿದೆ.

ಆ ಯಜಮಾನತಿಯನ್ನು ಎಲ್ಲರೂ 'ದೊಡ್ಡಮ್ಮ' ಎನ್ನುತ್ತಾರೆ. ಎಂಬತ್ತರ ಹತ್ತಿರದ ಜೀವ, ಕೈಯಲ್ಲಿ ಕೋಲು, ಗಂಟಲಲ್ಲಿ ಗುಡುಗು. ಬ್ರೇಕಕ್ಕನನ್ನು ಮೊದಲ ಸಲ ಕುದುರೆಯ ಮೇಲೆ ಕೂರಿಸಿದವರೂ ಅವರೇ. ಬ್ರೇಕಕ್ಕನ ತಾಯಿ ಇಲ್ಲಿ ಅಡುಗೆ ಮಾಡುತ್ತಿದ್ದರು. ಕಲಿಯುವ ಮಕ್ಕಳು ಯಾರಾದರೂ ಬಾರದ ದಿನ, ಕುದುರೆಯ ಮೈ ಸಡಿಲವಾಗಲಿ ಎಂದು ಅಡುಗೆಯವಳ ಮಗಳನ್ನು ಹತ್ತಿಸುತ್ತಿದ್ದರು. ಆ ಹುಡುಗಿ ಹತ್ತಿದ್ದೇ ತಡ, ಇಳಿಯಲು ಒಲ್ಲೆ ಎನ್ನುತ್ತಿದ್ದಳು. ಅವಳಿಗೆ ಇಪ್ಪತ್ತೊಂದು ವಯಸ್ಸಾದಾಗ ತಾಯಿ ಹಾಸಿಗೆ ಹಿಡಿದರು. ಹುಡುಗಿ ಬಸ್ಸಿನ ಕೆಲಸಕ್ಕೆ ಸೇರಿದಳು. ಮೊದಲು ಟಿಕೆಟು ಹರಿದಳು, ಆಮೇಲೆ ಸ್ಟೀರಿಂಗು ಹಿಡಿದಳು. ಮದುವೆಯಾಯಿತು, ಮಗಳಾದಳು, ಮಗಳಿಗೂ ಮದುವೆಯಾಯಿತು. ಇಪ್ಪತ್ತೇಳು ವರ್ಷ ಆಕೆ ಕುದುರೆಯ ಬಳಿ ಸುಳಿಯಲಿಲ್ಲ.

"ಬೇಜಾರಾಗ್ತಿರ್ಲಿಲ್ವಾ ಅಂತ ಕೇಳ್ಬೇಡಿ," ಎನ್ನುತ್ತಾರೆ. "ನೆನಪಾದ್ರೆ ತಾನೇ ಬೇಜಾರು! ನೆನಪು ಮಾಡ್ಕೊಳ್ಳೋಕೂ ಪುರಸೊತ್ತು ಬೇಕಲ್ಲ."

ನೆನಪು ಮಾಡಿಸಿದ್ದು ರಸ್ತೆ ಅಗೆತ. ಕಳೆದ ವರ್ಷ ಪೈಪು ಹಾಕಲೆಂದು ದೊಡ್ಡ ರಸ್ತೆ ಅಗೆದಾಗ ಬಸ್ಸುಗಳನ್ನು ಸವಾರಿ ಶಾಲೆಯ ಹಿಂದಿನ ದಾರಿಗೆ ತಿರುಗಿಸಿದರು. ಒಂದು ಸಂಜೆ ಕುದುರೆಗಳ ಸಾಲು ರಸ್ತೆ ದಾಟುತ್ತಿತ್ತು. ಬ್ರೇಕಕ್ಕ ಬಸ್ಸು ನಿಲ್ಲಿಸಿ ಕಿಟಕಿ ಇಳಿಸಿದರು. ಕುದುರೆಗಳೆಲ್ಲ ದಾಟಿಹೋದವು, ಬಸ್ಸು ಮಾತ್ರ ಕದಲಲಿಲ್ಲ. ಹಿಂದೆ ಕೂತವರು ಬಸ್ಸಿನ ತಗಡು ಬಡಿಯತೊಡಗಿದರು. ಸಾಲಿನ ಕೊನೆಯಲ್ಲಿ ಕೋಲೂರಿಕೊಂಡು ಬರುತ್ತಿದ್ದ ದೊಡ್ಡಮ್ಮ ತಲೆ ಎತ್ತಿ ಚಾಲಕಿಯ ಸೀಟಿನ ಕಡೆ ನೋಡಿದರು. ಹೇಗಿದ್ದೀಯ ಎನ್ನಲಿಲ್ಲ, ಎಷ್ಟು ದಿನವಾಯಿತು ಎನ್ನಲಿಲ್ಲ.

"ಏ ಹುಡುಗಿ! ಏನೇ ಅದು ಬೆನ್ನು, ಮೂಟೆ ಇಟ್ಟ ಹಾಗೆ? ನೆಟ್ಟಗೆ ಕೂತ್ಕೊ!"

ಬ್ರೇಕಕ್ಕ ನೆಟ್ಟಗೆ ಕೂತರು. ಮರುದಿನ ಬೆಳಿಗ್ಗೆ ಲಾಯದ ಬಾಗಿಲಲ್ಲಿದ್ದರು.

ಮೊದಲ ತಿಂಗಳು ಬಸ್ಸಿನ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದರಂತೆ. ತೊಡೆಗಳು ಕೇಳಿದ್ದನ್ನು ಕೊಡುತ್ತಿರಲಿಲ್ಲ. ಶಾಲಾ ಸಮವಸ್ತ್ರ ಹೊಲಿಯುವ ಟೈಲರ್ ಗಂಡ, ಸ್ಪರ್ಧೆಗೆ ಬೇಕಾದ ಕರಿ ಕೋಟಿಗೆ ಅಳತೆ ತೆಗೆಯುತ್ತ, "ಉಸಿರು ಬಿಡು ಮಾರಾಯ್ತಿ, ಒಳಗೆ ಎಳ್ಕೊಂಡು ನಿಂತ್ರೆ ಅಂಗಳದ ಮಧ್ಯೆ ಗುಂಡಿ ಕಿತ್ತು ಜಡ್ಜಿನ ಮೂಗಿಗೆ ಬೀಳುತ್ತೆ," ಎಂದರಂತೆ. ಅದೇನೂ ಕಷ್ಟವಲ್ಲ ಎನ್ನುತ್ತಾರೆ ಬ್ರೇಕಕ್ಕ. ನಿಜವಾದ ಕಷ್ಟ ಕುತ್ತಿಗೆಯದು.

ಬಸ್ಸು ಹೊರಡುವಾಗ ಚಾಲಕರು ಬಲಗಡೆಯ ಕನ್ನಡಿ ನೋಡುತ್ತಾರೆ. ತಿರುಗುವಾಗ ನೋಡುತ್ತಾರೆ, ಸದ್ದು ಕೇಳಿದರೆ ನೋಡುತ್ತಾರೆ. ಇಷ್ಟು ವರ್ಷ ನೋಡಿದ ಕುತ್ತಿಗೆ ಕುದುರೆಯ ಮೇಲೆ ಕೂತಾಗಲೂ ನೋಡಿಯೇ ನೋಡುತ್ತಿತ್ತು. ನಿಂತಲ್ಲಿಂದ ಹೊರಡಬೇಕೆಂದರೆ ಮೊದಲು ಬಲಕ್ಕೆ ಒಂದು ಇಣುಕು. ಇಣುಕಿದರೆ ಭುಜ ತಿರುಗುತ್ತದೆ, ಭುಜ ತಿರುಗಿದರೆ ಕೂತ ಭಾರ ಸರಿಯುತ್ತದೆ. ಆ ಭಾರ ಕುದುರೆಯ ಬೆನ್ನಿಗೆ ಒಂದು ಮಾತಿನಷ್ಟೇ ಸ್ಪಷ್ಟ.

"ನಿನ್ನ ಹಿಂದೆ ಯಾವ ಲಾರಿಯೂ ಬರ್ತಿಲ್ಲ ಕಣೇ! ಮುಂದೆ ನೋಡು, ಮುಂದೆ!" ಎಂದು ದೊಡ್ಡಮ್ಮ ತಿಂಗಳುಗಟ್ಟಲೆ ಕೂಗಿದರು. ಕೂಗಿ ಕೂಗಿ, ಕೊನೆಗೊಮ್ಮೆ ಆ ಇಣುಕು ಹೋಯಿತು.

ಅಷ್ಟರಲ್ಲಿ ಸಾಹುಕಾರನ ಕಣ್ಣಿಗೆ ರೋಗ ಬಂತು. ಮದ್ದು ಹಾಕಿದ್ದಾಯಿತು, ಕತ್ತಲೆಯಲ್ಲಿ ಕಟ್ಟಿದ್ದಾಯಿತು. ನೋವು ಹೋಯಿತು, ಜೊತೆಗೆ ನೋಟವೂ ಹೋಯಿತು. ಹೊರಗಿಂದ ನೋಡಿದರೆ ತುಸು ಮಂಜು ಕವಿದಂತಿದೆ, ಅಷ್ಟೆ. ಎಷ್ಟೋ ಮಕ್ಕಳಿಗೆ ಸವಾರಿ ಕಲಿಸಿದ ಕುದುರೆ ಈಗ ಬಲಗಡೆ ಎಲೆ ಅಲುಗಿದರೂ ಎಡಕ್ಕೆ ನೆಗೆಯುತ್ತಿತ್ತು. ಕಲಿಯಲು ಬಂದ ಹುಡುಗಿಯೊಬ್ಬಳು ಬಿದ್ದಳು. ಪೆಟ್ಟಾಗಲಿಲ್ಲ, ಆದರೆ ಅವಳ ಮನೆಯವರು ಸುಮ್ಮನಿರಲಿಲ್ಲ. ಬ್ರೇಕಕ್ಕ ಮಾತ್ರ ಅವನನ್ನು ಬಿಡಲಿಲ್ಲ. ಮೇಲೆ ಕೂತು ಬಾಯಿ ಮುಚ್ಚದೆ ಮಾತಾಡುತ್ತಿದ್ದರೆ ಅವನು ನಡೆಯುತ್ತಾನೆ ಎಂದು ಕಂಡುಕೊಂಡರು. "ಬಲಕ್ಕೆ ಬೇಲಿ. ಬಲಕ್ಕೆ ನೀರಿನ ತೊಟ್ಟಿ. ಬಲಕ್ಕೆ ದೊಡ್ಡಮ್ಮ, ಬೈತಾರೆ, ತಲೆ ಕೆಡಿಸ್ಕೋಬೇಡ." ಮುಂದಿನ ಸ್ಟಾಪು ಹೇಳಿದ ಹಾಗೆ.

ಆದರೆ ಡ್ರೆಸಾಜ್ ಸ್ಪರ್ಧೆಯಲ್ಲಿ ಸವಾರರು ಕುದುರೆಯೊಂದಿಗೆ ಬಾಯಿಬಿಟ್ಟು ಮಾತಾಡಿದರೆ ತಪ್ಪು. ಪ್ರತಿ ಸಲಕ್ಕೂ ಅಂಕ ಹೋಗುತ್ತದೆ. ಯಾವ ಅಕ್ಷರದಲ್ಲಿ ಏನು ಎಂಬ ಕ್ರಮವನ್ನು ಓದಿ ಹೇಳಲು ಬೇಲಿಯಾಚೆ ಒಬ್ಬರನ್ನು ನಿಲ್ಲಿಸಬಹುದು, ಅಷ್ಟೇ. ಆ ಕೆಲಸ ಗಂಡನದು. ಮನೆಯ ನಡುಕೋಣೆಯಲ್ಲಿ ಅವರು ಓದುವುದು, ಈಕೆ ಕಾಲ್ನಡಿಗೆಯಲ್ಲೇ ಕುರ್ಚಿಯಿಂದ ಕಪಾಟಿಗೆ, ಕಪಾಟಿನಿಂದ ಕಿಟಕಿಗೆ ವೃತ್ತ ಹೊಡೆಯುವುದು ವಾರದಿಂದ ನಡೆದಿದೆ. ಸರಿಯಾಗಿ ನಡುಮಧ್ಯೆ ಅತ್ತೆ ಬಟಾಣಿ ಸುಲಿಯುತ್ತ ಕೂತಿರುತ್ತಾರೆ.

"ಅತ್ತೆ, ನಾನು ನಿಂತು ನಮಸ್ಕಾರ ಮಾಡೋ ಜಾಗ ಅದು."

"ಮಾಡು. ಯಾರು ಬೇಡ ಅಂದ್ರು? ಸೊಸೆ ನಮಸ್ಕಾರ ಮಾಡಿ ಯಾವ ಕಾಲವಾಯ್ತು!"

ಗುರುವಾರದ ಬೆಳಿಗ್ಗೆ, ಮೈ ತಿಕ್ಕುವುದು ಮುಗಿದು ಜೀನು ಬಿಗಿದ ಮೇಲೆ, ಬ್ರೇಕಕ್ಕ ಮೊದಲ ಸಲ ಬಾಯಿ ಮುಚ್ಚಿಕೊಂಡು ಸವಾರಿ ಮಾಡುತ್ತಾರೆ. ಚೆನ್ನಾಗಿ ಆಗುವುದಿಲ್ಲ. ತೊಟ್ಟಿಯ ಬಳಿ ಸಾಹುಕಾರ ಬೆಚ್ಚಿ ಅಡ್ಡ ನೆಗೆಯುತ್ತಾನೆ. ಇನ್ನೊಂದು ಸುತ್ತು. ಮತ್ತೆ ಅದೇ ಜಾಗ, ಮತ್ತೆ ಅದೇ ನೆಗೆತ. ಬ್ರೇಕಕ್ಕ ಅವನ ಕತ್ತು ಹಿಡಿದು ಉಳಿದುಕೊಳ್ಳುತ್ತಾರೆ. ದೊಡ್ಡಮ್ಮ ಬೈಯುವುದನ್ನೂ ನಿಲ್ಲಿಸಿ ಕೋಲಿನ ಮೇಲೆ ಗಲ್ಲವಿಟ್ಟು ನಿಂತಿದ್ದಾರೆ. ಬೈಗುಳಕ್ಕಿಂತ ಅದೇ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ.

ಮೂರನೆಯ ಸುತ್ತಿಗೆ ಹುಲ್ಲಿನ ಲಾರಿ ಹಾರ್ನು ಬಾರಿಸುತ್ತ ಗೇಟಿನೊಳಗೆ ನುಗ್ಗುತ್ತದೆ, ಅದೂ ಬಲಗಡೆಯಿಂದಲೇ. ಬೇಲಿಯ ಈಚೆ ನಿಂತ ನಾವೇ ಒಂದು ಹೆಜ್ಜೆ ಹಿಂದೆ ಸರಿಯುತ್ತೇವೆ. ಸಾಹುಕಾರನ ಕಿವಿ ನೆಟ್ಟಗಾಗುತ್ತದೆ, ಬೆನ್ನು ಉಬ್ಬುತ್ತದೆ. ಆಮೇಲೆ ಏನೂ ಆಗುವುದಿಲ್ಲ. ಅವನು ಉಸಿರು ಬಿಟ್ಟು, ಲಾರಿ ತನ್ನದೇ ಎಂಬಂತೆ ಮುಂದೆ ನಡೆಯುತ್ತಾನೆ.

"ನಿಲ್ಸು!" ದೊಡ್ಡಮ್ಮ ಕೋಲು ಎತ್ತುತ್ತಾರೆ. "ಈಗ ಏನು ಮಾಡಿದೆ?"

"ಏನೂ ಮಾಡ್ಲಿಲ್ಲ ದೊಡ್ಡಮ್ಮ. ಆಣೆಗೂ ಮಾತಾಡ್ಲಿಲ್ಲ."

"ಮಾತಲ್ಲ. ಕನ್ನಡಿ ನೋಡಿದೆ."

"ಅಯ್ಯೋ, ಹಾರ್ನ್ ಕೇಳಿದ ತಕ್ಷಣ ಕತ್ತು ತಾನೇ ಹೋಯ್ತು. ಇನ್ಮೇಲೆ ನೋಡಲ್ಲ, ತಪ್ಪಾಯ್ತು."

"ನೋಡು!" ಎನ್ನುತ್ತಾರೆ ದೊಡ್ಡಮ್ಮ. ಕೂಗಲ್ಲ ಅದು, ಪಿಸುಮಾತಿಗೆ ಸ್ವಲ್ಪ ಮೇಲೆ. "ನೀನು ಬಲಕ್ಕೆ ನೋಡಿದ್ದು ಅವನ ಬೆನ್ನಿಗೆ ಗೊತ್ತಾಯ್ತು ಕಣೇ. ಇವಳು ನೋಡಿದಾಳೆ, ಏನೂ ಇಲ್ಲ, ಅಂತ ಅಂದ್ಕೊಂಡ. ಇನ್ನೊಂದು ಸಲ ತೊಟ್ಟಿ ಹತ್ರ ಹೋಗು. ನೋಡ್ಕೊಂಡು ಹೋಗು."

ಬ್ರೇಕಕ್ಕ ಹೋಗುತ್ತಾರೆ. ತೊಟ್ಟಿ ಬರುವ ಮುನ್ನ ಬಲಕ್ಕೊಂದು ಇಣುಕು. ಸಾಹುಕಾರ ತೊಟ್ಟಿಯನ್ನು ದಾಟುತ್ತಾನೆ. ಇನ್ನೊಮ್ಮೆ ದಾಟುತ್ತಾನೆ. ಕುಲುಕು ಓಟದಲ್ಲೂ ದಾಟುತ್ತಾನೆ. ಬ್ರೇಕಕ್ಕ ಮೇಲೆ ಕೂತು ನಗುವುದನ್ನು ನೋಡಿ ದೊಡ್ಡಮ್ಮ, "ಹಲ್ಲು ಕಿಸೀಬೇಡ, ಬೆನ್ನು ನೋಡ್ಕೊ," ಎಂದು ಮತ್ತೆ ಬೈಯಲು ಶುರುಮಾಡುತ್ತಾರೆ. ಎಲ್ಲರಿಗೂ ಜೀವ ಬಂದಂತಾಗುತ್ತದೆ.

ಭಾನುವಾರ ಅಂಗಳದ ಸುತ್ತ ಕುರ್ಚಿಗಳು ತುಂಬಿವೆ. ಬ್ರೇಕಕ್ಕನ ಕರಿ ಕೋಟಿನ ಗುಂಡಿಗಳು ಸದ್ಯಕ್ಕೆ ಗಟ್ಟಿಯಾಗಿವೆ. ಗಂಡ ಕೊರಳಲ್ಲಿದ್ದ ಅಳತೆ ಪಟ್ಟಿ ತೆಗೆಯುವುದನ್ನೂ ಮರೆತು, ಕ್ರಮದ ಹಾಳೆ ಹಿಡಿದು ಬೇಲಿಯ ಬಳಿ ನಿಂತಿದ್ದಾರೆ. ಗಂಟೆ ಬಾರಿಸುತ್ತಾರೆ. ಸಾಹುಕಾರ ತನಗಾಗಿಯೇ ಇಷ್ಟೆಲ್ಲ ಜನ ಕೂಡಿದ್ದಾರೆ ಎಂಬಂತೆ ಒಳಗೆ ಬರುತ್ತಾನೆ. ನಡುವೆ ನಿಲುಗಡೆ. ಬಾಗಿಲು ತೆರೆದರೆ ಇಳಿಯಬಹುದು, ಅಷ್ಟು ಮೆತ್ತಗೆ. ನಮಸ್ಕಾರ. ನಡಿಗೆ, ವೃತ್ತ, ಕುಲುಕು ಓಟ. ತಿರುವಿಗೊಮ್ಮೆ ಬ್ರೇಕಕ್ಕನ ಮುಖ ಬಲಕ್ಕೆ ಹೋಗಿ ಬರುತ್ತದೆ.

ದೂರದ ಮೂಲೆಯಲ್ಲಿ, ಬೇಲಿಗೆ ಒತ್ತಿಕೊಂಡೇ ಯಾರೋ ಬಿಸಿಲಿಗೆ ಕೊಡೆ ಬಿಚ್ಚುತ್ತಾರೆ. ಫಟ್!

ಕುದುರೆ ಅರ್ಧ ಹೆಜ್ಜೆಯಲ್ಲಿ ತಡೆದು ನಿಲ್ಲುತ್ತದೆ. ಗಂಡನ ಓದು ಅಲ್ಲಿಗೇ ನಿಂತುಹೋಗುತ್ತದೆ. ಬ್ರೇಕಕ್ಕನ ತುಟಿ ತೆರೆದು, ಮತ್ತೆ ಬಿಗಿದುಕೊಳ್ಳುತ್ತದೆ. ಮುಖ ಬಲಕ್ಕೆ ತಿರುಗುತ್ತದೆ, ಈ ಸಲ ಇಣುಕಲ್ಲ, ಪೂರ್ತಿ ನೋಟ. ಕೊಡೆಯನ್ನು, ಕೊಡೆಯವರನ್ನು, ಅವರ ಚಪ್ಪಲಿಯವರೆಗೂ ನೋಡಿದ ಹಾಗೆ. ಭುಜ ಇಳಿಯುತ್ತದೆ. ಸಾಹುಕಾರ ಮೂಗಿನಿಂದ ದೊಡ್ಡದಾಗಿ ಫುರ್ರೆಂದು ಉಸಿರು ಬಿಟ್ಟು, ಆ ಕೊಡೆಯ ಪಕ್ಕದಲ್ಲೇ, ಅದರ ನೆರಳನ್ನು ತುಳಿದುಕೊಂಡು ನಡೆದುಹೋಗುತ್ತಾನೆ. ಉಳಿದ ಕ್ರಮವನ್ನು ಬ್ರೇಕಕ್ಕ ಓದುವವರಿಲ್ಲದೆಯೇ ಮುಗಿಸುತ್ತಾರೆ.

"ನನ್ನ ಉಸಿರೇ ನಿಂತಿತ್ತು, ಇನ್ನು ಓದೋದು ಎಲ್ಲಿಂದ?" ಎನ್ನುತ್ತಾರೆ ಗಂಡ, ಅಳತೆ ಪಟ್ಟಿಯಲ್ಲಿ ಹಣೆ ಒರೆಸಿಕೊಂಡು.

ಹೊರಬಾಗಿಲಲ್ಲಿ ದೊಡ್ಡಮ್ಮ ಕಾದಿದ್ದಾರೆ. ಬಲಗಡೆಯಿಂದ ಬಂದೆ ಎಂದು ಸಾಹುಕಾರನಿಗೆ ಮೊದಲು ಹೇಳಿ, ಆಮೇಲೆ ಅವನ ಕತ್ತಿನ ಮೇಲೆ ಕೈಯಿಡುತ್ತಾರೆ. ಆ ಕೈಯನ್ನು ಬಹಳ ಹೊತ್ತು ತೆಗೆಯುವುದಿಲ್ಲ.

"ನಾಳೆ ಬೇಗ ಬಾ," ಎನ್ನುತ್ತಾರೆ ಬ್ರೇಕಕ್ಕನಿಗೆ. "ನಿನ್ನ ಕುದುರೆ ಲದ್ದಿ ನಿನ್ನೆಯಿಂದ ಹಾಗೇ ಬಿದ್ದಿದೆ."

ನಿನ್ನ ಕುದುರೆ. ಬ್ರೇಕಕ್ಕ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಹೋಗಿ ಬಿಚ್ಚಲಾಗದೆ ನಿಲ್ಲುತ್ತಾರೆ. ಗಂಡ ಬಂದು ಬಿಚ್ಚಿಕೊಡುತ್ತಾರೆ.

ಸ್ಥಾನ ಕೇಳಿದರೆ, ಪಟ್ಟಿಯನ್ನು ಕೆಳಗಿನಿಂದ ಓದಿದವರಿಗೆ ಬೇಗ ಸಿಗುತ್ತದೆ. ಮಧ್ಯಾಹ್ನ ಪಾಳಿಗೆ ಹೊರಡುವ ಮುನ್ನ ಬಸ್ ನಿಲ್ದಾಣದ ಬೆಂಚಿನ ಮೇಲೆ, ಖಾಕಿ ಪ್ಯಾಂಟಿಗೆ ಅಂಟಿದ ಕಂದು ಕೂದಲು ಕೊಡವುತ್ತ, ತೀರ್ಪುಗಾರರು ಕೊಟ್ಟ ಹಾಳೆ ತೋರಿಸುತ್ತಾರೆ. ನಿಲುಗಡೆ ಬಹಳ ಚೆನ್ನಾಗಿದೆ ಎಂದು ಬರೆದಿದ್ದಾರೆ. ಅದರ ಕೆಳಗೆ ಇನ್ನೊಂದು ಸಾಲು: ಸವಾರರು ಪದೇ ಪದೇ ಬಲಗಡೆ ನೋಡುತ್ತಾರೆ, ಈ ಅಭ್ಯಾಸ ತಿದ್ದಿಕೊಳ್ಳಬೇಕು, ಅಂಕ ಕಳೆಯಲಾಗಿದೆ. ಬೇಸರವಾಯಿತೇ ಎಂದು ಕೇಳಿದರೆ ಬ್ರೇಕಕ್ಕ ಹಾಳೆಯನ್ನು ಮಡಿಸಿ, ಬೆಳಿಗ್ಗೆಯಿಂದ ತಡೆದಿಟ್ಟುಕೊಂಡ ನಗುವನ್ನೆಲ್ಲ ಒಟ್ಟಿಗೆ ನಗುತ್ತಾರೆ.

"ಬೇಸರ ಯಾಕೆ? ಪೂರ್ತಿ ಓದಿ ನೋಡಿ. ನನ್ನ ಕುತ್ತಿಗೆ ಬಗ್ಗೆ ಬರೆದಿದಾರೆ, ಬೆನ್ನಿನ ಬಗ್ಗೆ ಬರೆದಿದಾರೆ. ಕುದುರೆಗೆ ಒಂದು ಕಣ್ಣು ಕಾಣಲ್ಲ ಅಂತ ಎಲ್ಲಾದ್ರೂ ಇದೆಯಾ? ಅವರಿಗೆ ಗೊತ್ತೇ ಆಗ್ಲಿಲ್ಲ ಕಣ್ರೀ!"