ತಣ್ಣಗೆ ಕೊಡಬೇಕಾಗಿದ್ದ ಕಷಾಯ

ರೇಡಿಯೇಶನ್ ಶುರುವಾದ ಮೂರನೆಯ ವಾರ ಹನೀಫ್ ನೀರಿನ ಲೋಟವನ್ನು ತುಟಿಗೆ ಮುಟ್ಟಿಸಿ ಹಾಗೆಯೇ ಕೆಳಗಿಟ್ಟರು.

"ಉರಿತದೆ," ಎಂದರು.

ಬರೀ ನೀರು.

ನನ್ನ ಗಂಡನಿಗೆ ನಾಲಗೆಯ ಕ್ಯಾನ್ಸರ್. ಸೌದಿಯ ಜುಬೈಲಿನ ಪೆಟ್ರೋಕೆಮಿಕಲ್ ಕಾರ್ಖಾನೆಯೊಂದರ ಕ್ಲಿನಿಕ್ಕಿನಲ್ಲಿ ತಿಂಗಳುಗಟ್ಟಲೆ ಅವರ ನಾಲಗೆಯಂಚಿನ ಗಾಯಕ್ಕೆ ವಿಟಮಿನ್ ಮಾತ್ರೆ ಕೊಟ್ಟು ಡ್ಯೂಟಿಗೆ ಕಳುಹಿಸಿದರು. ಬಯಾಪ್ಸಿಗೆ ಕಳುಹಿಸಲು ಯಾರಿಗೂ ಅವಸರವಿರಲಿಲ್ಲ. ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ. ದೀರ್ಘ ಪಾಳಿಗಳಲ್ಲಿ ನಿದ್ದೆ ತಡೆಯಲು ಅವರು ಜಗಿಯುತ್ತಿದ್ದ ಗುಟ್ಕಾ, ನಿಷೇಧವಿದ್ದರೂ ಕ್ಯಾಂಪಿನಲ್ಲಿ ಧಾರಾಳವಾಗಿ ಸಿಗುತ್ತಿದ್ದದ್ದೂ ಅನ್ಯಾಯವೇ. ಚಿಕಿತ್ಸೆಗಾಗಿ ರಿಯಾದಿಗೆ ಬಂದು ಅಲ್ಲಿನ ಮಲಾಜ್ ಬಡಾವಣೆಯಲ್ಲಿ ಪುಟ್ಟ ಮನೆ ಹಿಡಿದೆವು. ಮಂಗಳೂರಿನಲ್ಲಿ ಪಡೆದ ಡ್ರೈವಿಂಗ್ ಲೈಸೆನ್ಸ್ ನನ್ನಲ್ಲಿದೆ. ಈ ೨೦೧೬ರಲ್ಲೂ ಈ ದೇಶದ ಕಾನೂನು ಹೆಣ್ಣಿನ ಕೈಗೆ ಸ್ಟೀರಿಂಗ್ ಕೊಡುವುದಿಲ್ಲ. ಆದುದರಿಂದ ದಿನವೂ ರೋಗಿಯನ್ನು ಗೋಡೆಗೆ ಒರಗಿಸಿ, ಬಿಸಿಲಿನಲ್ಲಿ ನಿಂತು ಟ್ಯಾಕ್ಸಿಗೆ ಕೈಚಾಚುತ್ತಿದ್ದೆ.

ಕೆಲವೇ ದಿನಗಳಲ್ಲಿ ಕೆನ್ನೆಯ ಒಳಭಾಗವೆಲ್ಲ ಬಿಳಿಯ ಹುಣ್ಣಾಯಿತು. ಗಂಜಿಯ ತಿಳಿಯೂ ಇಳಿಯಲಿಲ್ಲ. ನಮ್ಮ ಡಾಕ್ಟರ್ ಸುಡಾನಿನ ಮಹಿಳೆ, ಮಿತಭಾಷಿ. "ಇದು ಮ್ಯೂಕೋಸೈಟಿಸ್. ಚಿಕಿತ್ಸೆಯಿಂದಲೇ ಬರುವುದು. ತೂಕ ಹೀಗೆಯೇ ಇಳಿದರೆ ಮೂಗಿನಿಂದ ಫೀಡಿಂಗ್ ಟ್ಯೂಬ್ ಹಾಕಬೇಕಾಗುತ್ತದೆ. ರೇಡಿಯೇಶನ್ ಮಾತ್ರ ನಡುವೆ ನಿಲ್ಲಬಾರದು. ನಿಂತರೆ ಗಡ್ಡೆಗೆ ಬಿಡುವು ಕೊಟ್ಟಂತೆ," ಎಂದರು.

ಹೀಗಾಗುತ್ತದೆಂದು ಮೊದಲೇ ಯಾರಾದರೂ ಹೇಳಬಹುದಿತ್ತು.

ಹನೀಫ್ ಟ್ಯೂಬಿಗೆ ಒಪ್ಪಲಿಲ್ಲ. ಟ್ಯೂಬ್ ಹಾಕುವುದಾದರೆ ರೇಡಿಯೇಶನ್ನಿಗೂ ಬರುವುದಿಲ್ಲವೆಂದರು. ಬಳಗದವರು ಪವಾಡದ ಜೇನು ಕಳುಹಿಸಿದರು. ಕಾಯಿಲೆಯ ಹೆಸರನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ, "ಆ ಸೀಕು" ಎನ್ನುತ್ತಿದ್ದರು. ರೋಗಿಯ ಭಯವನ್ನು ಬಾಟಲಿಗೆ ತುಂಬಿ ಮಾರುವವರ ವಿರುದ್ಧ ಊರಿನಲ್ಲೂ ಇಲ್ಲಿಯೂ ಮಾತನಾಡುತ್ತ ಬಂದವಳು ನಾನು. ಜೇನನ್ನು ಹಿಂದಿರುಗಿಸಿದೆ.

ಆಗ ಜುಬೈಲಿನಿಂದ ತನಾಕಾ ಫೋನ್ ಮಾಡಿದರು. ಹನೀಫರ ಜೊತೆ ಕೆಲಸ ಮಾಡುತ್ತಿದ್ದ ಜಪಾನಿ ಇಂಜಿನಿಯರ್. ಕೀಮೋ ಪಡೆದ ತಮ್ಮ ಹೆಂಡತಿಗೆ ಜಪಾನಿನ ವೈದ್ಯರೇ ಬರೆದುಕೊಟ್ಟಿದ್ದ ಪುಡಿಯೊಂದರ ಬಗ್ಗೆ ಹೇಳಿದರು. ಹಾಂಗೆಶಾಶಿಂತೋ, ಕಾಂಪೋ ಎಂಬ ಜಪಾನಿನ ಪಾರಂಪರಿಕ ವೈದ್ಯದ ಔಷಧ. ಶುಂಠಿ, ಅತಿಮಧುರ, ಇನ್ನೂ ಕೆಲವು ಬೇರುಗಳು. ತಣ್ಣೀರಿನಲ್ಲಿ ಕದಡಿ ಬಾಯಲ್ಲಿ ಇಟ್ಟುಕೊಂಡು ಉಗಿಯಬೇಕು.

ಅದೇ ವಾರ ಜಪಾನಿಗೆ ಹೋಗಿಬಂದ ಅವರು ತಂದುಕೊಟ್ಟ ಸ್ಯಾಚೆಟ್‌ಗಳನ್ನು ನಾನು ಮೇಜಿನ ಮೇಲಿಟ್ಟಾಗ ಹನೀಫ್ ನೋವಿನಲ್ಲೂ ಬಿಡಲಿಲ್ಲ.

"ಎಂತ ಮಾರಾಯ್ತಿ, ನನ್ನ ಉಮ್ಮ ಬೇರು ಅರೆದು ಕೊಟ್ರೆ ಪುರಾವೆ ಕೇಳ್ತಿ. ಜಪಾನಿನ ಕಷಾಯ ಆದ್ರೆ ಸೈನ್ಸಾ?"

"ಡಾಕ್ಟ್ರತ್ರ ಕೇಳದೆ ಇದನ್ನೂ ಕೊಡುದಿಲ್ಲ."

ಕೇಳಿದೆ. ಡಾಕ್ಟರ್ ಪ್ಯಾಕೆಟ್ಟನ್ನು ತಿರುಗಿಸಿ ನೋಡಿ, ಅಲ್ಲೇ ಕಂಪ್ಯೂಟರಿನಲ್ಲಿ ಹುಡುಕಿ ಓದಿದರು. "ಪುರಾವೆ ಇದೆ, ಸಾಕಷ್ಟಿಲ್ಲ. ಮುಕ್ಕಳಿಸಲಿ, ನುಂಗುವುದು ಬೇಡ. ಅತಿಮಧುರ ಇರುವುದರಿಂದ ಬಿ.ಪಿ., ಪೊಟ್ಯಾಸಿಯಮ್ ನೋಡುತ್ತಿರುತ್ತೇನೆ. ನೋವಿನ ಮದ್ದು ನಿಲ್ಲಿಸಬೇಡಿ."

ವಿಸಿಟ್ ವೀಸಾದಲ್ಲಿ ಬಂದಿದ್ದ ಅತ್ತೆಗೆ ಮಗನ ಮಾತಿನಲ್ಲಿ ಕೇಳಿಸಿದ್ದು ಒಂದೇ, ಕಷಾಯ. ಮರುದಿನ ನಾನು ಸ್ನಾನಕ್ಕೆ ಹೋಗಿದ್ದಾಗ ಅವರು ಪುಡಿಯನ್ನು ನೀರಿಗೆ ಹಾಕಿ, ಬೆಲ್ಲ, ಒಳ್ಳೆಮೆಣಸು ಸೇರಿಸಿ, ನಮ್ಮ ಕರಾವಳಿಯ ಎಲ್ಲ ತಾಯಂದಿರಂತೆ ಚೆನ್ನಾಗಿ ಕುದಿಸಿ, ಬಿಸಿಬಿಸಿಯಾಗಿ ಮಗನ ಬಾಯಿಗೆ ಕೊಟ್ಟರು.

ಆ ಕೂಗು ನನಗೆ ಸ್ನಾನದ ಮನೆಯೊಳಗೆ ಕೇಳಿಸಿತು.

"ಕಹಿ ಮದ್ದಿಗೆ ಮೆಣಸು ಹಾಕದೆ ಆಗ್ತದಾ ಅಂತ ಹಾಕಿದೆ ಮಗಳೇ," ಎಂದು ಅವರು ಅಳುತ್ತಿದ್ದರು. ಲೋಟ ಅವರ ಕೈಯಲ್ಲೇ ಇತ್ತು. ನಾನು ಅದನ್ನು ತೆಗೆದುಕೊಂಡು ಬೇಸಿನ್ನಿಗೆ ಚೆಲ್ಲಿದೆ.

ಅಂದಿನಿಂದ ಹನೀಫ್ ಬಾಯಿ ತೆರೆಯಲು ಹೆದರಿದರು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಭಾನುವಾರದವರೆಗೆ ನೋಡೋಣ, ಆಮೇಲೆ ಟ್ಯೂಬ್ ಎಂದರು ಡಾಕ್ಟರ್. ಹನೀಫ್ ಗೋಡೆಯ ಕಡೆ ತಿರುಗಿ ಮಲಗಿದರು. ಗಡ್ಡೆಗಿಂತ ಮೊದಲು ಈ ಹುಣ್ಣೇ ಅವರನ್ನು ನನ್ನಿಂದ ಕಸಿದುಕೊಳ್ಳುತ್ತದೆ ಎಂದು ನನಗೆ ಮೊದಲ ಬಾರಿಗೆ ಅನ್ನಿಸಿತು.

ಶುಕ್ರವಾರ ಮನೆಯಲ್ಲಿ ಪುಡಿಯನ್ನು ತಣ್ಣೀರಿನಲ್ಲಿ ಕದಡಿದೆ. ಅವರು ತಲೆಯಾಡಿಸಿ ಬೇಡವೆಂದರು. ಅತ್ತೆ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು, ಮೊದಲು ತಾವೇ ಒಂದು ಗುಟುಕು ಬಾಯಲ್ಲಿಟ್ಟು, ಮುಖ ಕಿವುಚಿ, ಬೇಸಿನ್ನಿಗೆ ಉಗಿದರು.

"ಥೂ, ಎಂತ ಕಹಿ! ಖಾರ ಇಲ್ಲ ಮೋನೇ, ಅಲ್ಲಾಹನಾಣೆ ಇಲ್ಲ."

ಮೋನೇ ಎಂದರೆ ನಮ್ಮ ಬ್ಯಾರಿ ಭಾಷೆಯಲ್ಲಿ ಮಗನೇ. ಹನೀಫ್ ಬಾಯಿ ತೆರೆದರು. ಎಷ್ಟು ಹೊತ್ತು ಇಟ್ಟುಕೊಳ್ಳಬೇಕೆಂದು ಗಡಿಯಾರ ನೋಡಹೊರಟ ನನ್ನನ್ನು ತಡೆದು, ಅತ್ತೆ ಸಣ್ಣ ದನಿಯಲ್ಲಿ ಕುರ್‌ಆನಿನ ಮೊದಲ ಅಧ್ಯಾಯ ಫಾತಿಹಾ ಓದಿದರು. ಓದು ಮುಗಿದಾಗ ಹನೀಫ್ ಉಗಿದರು. ಮುಂದೆ ಪ್ರತಿಸಲವೂ ಅದೇ ಕ್ರಮವಾಯಿತು.

ಹುಣ್ಣು ಮಾಯವಾಗಲಿಲ್ಲ. ಉರಿ ತುಸು ಇಳಿಯಿತು; ಇಳಿದ ಆ ಬಿಡುವಿನಲ್ಲಿ ಕೆಲವು ಚಮಚ ಗಂಜಿ ಇಳಿಯಿತು. ಅದು ಪುಡಿಯ ಗುಣವೋ, ಹೆಚ್ಚಿಸಿದ ಮಾರ್ಫಿನ್ನಿನದೋ, ನನಗೆ ತಿಳಿಯದು. ತಿಳಿಯದ್ದನ್ನು ತಿಳಿದಂತೆ ಹೇಳಿ ಇನ್ನೊಂದು ಪವಾಡವನ್ನು ನಾನು ಹಬ್ಬಿಸಲಾರೆ. ಭಾನುವಾರ ತೂಕ ನೋಡಿದ ಡಾಕ್ಟರ್, "ಟ್ಯೂಬ್ ಸದ್ಯಕ್ಕೆ ಬೇಡ," ಎಂದರು. ರೇಡಿಯೇಶನ್ ಒಂದು ದಿನವೂ ತಪ್ಪದೆ ಮುಗಿಯಿತು.

ಮುಗಿದ ವಾರವೇ ಕಂಪನಿ, ಕೆಲಸಕ್ಕೆ ಅನರ್ಹರೆಂದು ಅವರನ್ನು ಕೈಬಿಟ್ಟಿತು. ಇಕಾಮಾ ಎಂಬ ವಾಸದ ಪರವಾನಗಿ ಹೋದರೆ ಇಲ್ಲಿರುವ ಹಕ್ಕೂ ಹೋಗುತ್ತದೆ, ಇನ್ಶೂರೆನ್ಸೂ ಹೋಗುತ್ತದೆ. ದುಡಿಯುವ ದೇಹ ಮಾತ್ರ ಬೇಕೆನ್ನುವ ಈ ಏರ್ಪಾಡು ಕ್ರೂರವಾದದ್ದು. ಮುಂದಿನ ಸ್ಕ್ಯಾನ್ ಊರಿನಲ್ಲಿ. ಏನು ಕಾಣುವುದೋ ಗೊತ್ತಿಲ್ಲ.

ನಿನ್ನೆ ಮಧ್ಯಾಹ್ನ ಹನೀಫ್ ತಾವೇ ಚಮಚ ಹಿಡಿದು ಗಂಜಿ ಉಂಡರು.

"ಉಪ್ಪು ಜಾಸ್ತಿ ಆಯ್ತು," ಎಂದರು.

ಹುಣ್ಣಿಗೆ ಉರಿಯುತ್ತದೆಂದು ನಾನು ಉಪ್ಪನ್ನೇ ಹಾಕಿರಲಿಲ್ಲ. ಅವರ ನಾಲಗೆಗೆ ಈಗ ಯಾವ ರುಚಿಯೂ ಸರಿಯಾಗಿ ತಿಳಿಯುವುದಿಲ್ಲ, ಮುಂದೆ ತಿಳಿಯದೆಯೂ ಹೋಗಬಹುದು. ಹೇಳಲು ನಾನು ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈ ಮುಟ್ಟಿದರು.

"ನಾಳೆ ಕಡಿಮೆ ಹಾಕುವ ಮೋನೇ."

ಹನೀಫ್ ಗೊಣಗುತ್ತಲೇ ಬಟ್ಟಲು ಖಾಲಿ ಮಾಡಿದರು.