ಮೊದಲು ಬಂದವಳ ಹೆಸರು

ಖಾಲಿ ಹಾಲಿನ ಕ್ಯಾನಿನ ಮುಚ್ಚಳ ಲೊಟಲೊಟ ಅನ್ನುವುದನ್ನು ಕೇಳಿದರೆ ಈಗಲೂ ನನ್ನ ಕಾಲು ಸುಮ್ಮನೆ ನಿಲ್ಲುವುದಿಲ್ಲ. ಓಮಲೂರಿನಲ್ಲಿ ನಾನು ಮಕ್ಕಳಿಗೆ ಓಟ ಕಲಿಸುವ ಶಾಲೆಯ ಮುಂದೆ ಒಂದು ಸ್ಪೀಡ್ ಬ್ರೇಕರ್ ಇದೆ. ಹಾಲಿನವನು ಮನೆಮನೆಗೂ ಹಾಲು ಹಾಕಿ, ಬರಿದಾದ ಕ್ಯಾನುಗಳನ್ನು ಬೈಕಿಗೆ ನೇತುಹಾಕಿಕೊಂಡು ಅದರ ಮೇಲೆ ಹತ್ತಿಳಿಯುತ್ತಾನೆ. ಮುಚ್ಚಳಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತವೆ. ವಿಸಿಲ್ಲನ್ನು ಬಾಯಲ್ಲಿಟ್ಟುಕೊಂಡೇ ನಾನು ನಿಂತುಬಿಡುತ್ತೇನೆ. ಒಡೆದ ಹಾಲಿನ ಹುಳಿ ವಾಸನೆ, ಪಾಲಕೋಡಿನ ಸಕ್ಕರೆ ಮಿಲ್ಲಿನ ಕಡೆಯಿಂದ ಗಾಳಿಯಲ್ಲಿ ಬರುತ್ತಿದ್ದ ಸಿಹಿ ಕಮಟು, ಎರಡೂ ಮೂಗಿಗೆ ಹತ್ತುತ್ತವೆ. ಆಮೇಲೆ, ಬೇಡವೆಂದರೂ, ಸೆಲ್ವಿಯ ಬೆನ್ನು ಕಾಣುತ್ತದೆ.

ಸೆಲ್ವಿ ನನ್ನ ಚಿಕ್ಕಪ್ಪನ ಮಗಳು. ನನಗಿಂತ ಚಿಕ್ಕವಳು, ಅದೇ ನನ್ನ ಹೊಟ್ಟೆಯುರಿಗೆ ಅರ್ಧ ಕಾರಣ. ಧರ್ಮಪುರಿ ಕಡೆಯ ಪಾಲಕೋಡಿನಿಂದ ಒಳಕ್ಕೆ ಹೋಗುವ ರಸ್ತೆಗೆ ಅಂಟಿಕೊಂಡ ಹಾಗೆ ನಮ್ಮ ಮನೆ, ಹಿಂದೆಯೇ ಟೊಮೇಟೊ ಹೊಲ. ಅಪ್ಪ, ಚಿಕ್ಕಪ್ಪ, ಇಬ್ಬರ ಸಂಸಾರ, ಅಪ್ಪನ ತಾಯಿ ನಮ್ಮ ಅಜ್ಜಿ, ಎಮ್ಮೆಗಳು, ಎಲ್ಲ ಒಂದೇ ಸೂರಿನಡಿ. ಬೆಳಕು ಹರಿಯುವಾಗ ದೊಡ್ಡವರು ಮಂಡಿಗೆ ಕಳಿಸುವ ಹಣ್ಣು ಕೀಳಲು ಹೊಲಕ್ಕಿಳಿದರೆ, ಹಾಲನ್ನು ಸೊಸೈಟಿಗೆ ಹಾಕಿಬರುವುದು ನಮ್ಮಿಬ್ಬರ ಪಾಲಿನ ಕೆಲಸ. ಹೋಗುವಾಗ ತುಂಬಿದ ಕ್ಯಾನು, ತುಳುಕದ ಹಾಗೆ ನಡೆಯಬೇಕು. ಬರುವಾಗ ಶಾಲೆಗೆ ಹೊತ್ತಾಗುತ್ತದೆಂದು ಓಡಬೇಕು. ಹೀಗೆ ಎಮ್ಮೆಗಳ ದೆಸೆಯಿಂದ ನಾವು ಓಟಗಾರರಾದೆವು.

ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಕವಿದಿತ್ತು. ನಾವು ಬರುವ ಹೊತ್ತಿಗೆ ಜಗಲಿಯಿಂದಿಳಿದು ರಸ್ತೆಯಂಚಿಗೆ ಬಂದು ಕಿವಿ ಕೊಟ್ಟು ನಿಲ್ಲುತ್ತಿದ್ದಳು. ಕ್ಯಾನಿನ ಮುಚ್ಚಳದ ಸದ್ದು ಹತ್ತಿರಾದದ್ದೇ ತಡ, ಹೊಲದಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು: “ಬಂದ್ಲು ಕಣ್ರಲಾ ನಮ್ ಸೆಲ್ವಿ! ಗಾಳಿ ಬಂದಂಗ್ ಬಂದ್ಲು!” ಮುದ್ದೆಗೆ ನಮ್ಮ ಕಡೆ ಇಟ್ಟು ಅನ್ನುತ್ತೇವೆ; ಇಟ್ಟಿನ ಮಡಕೆಯ ತಳಕ್ಕೆ ಹತ್ತಿ ಗರಿಗರಿಯಾದ ಪದರವನ್ನು ಎಬ್ಬಿಸಿ, ಬೆಣ್ಣೆ ಸವರಿ ಜೊತೆಗೇ ತಂದು, ಮೊದಲು ಬಂದವಳ ಕೈಗೆ ಕೊಡುವುದು ಅಜ್ಜಿ ಮಾಡಿಟ್ಟ ಪದ್ಧತಿ. ಆ ಪದರ ಹೋದರೆ ಹೋಗಲಿ, ನನಗೆ ಬೇಕಾಗಿದ್ದುದು ಆ ಕೂಗು. ಒಂದೇ ಒಂದು ದಿನ ಆ ಬಾಯಲ್ಲಿ ನನ್ನ ಹೆಸರು ಹಾಗೆ ಬರಬೇಕು, ಹೊಲದಲ್ಲಿ ಅಪ್ಪ ಬಗ್ಗಿಸಿದ ತಲೆ ಎತ್ತಬೇಕು. ನಾನು ಏದುಸಿರು ಬಿಡುತ್ತಾ ಬರುವಾಗಲೂ ಅಜ್ಜಿ ಅಲ್ಲೇ ನಿಂತಿರುತ್ತಿದ್ದಳು. ಆದರೆ ಕೂಗುತ್ತಿರಲಿಲ್ಲ. “ಬಂದ್ಯಾ, ಬಾ ಮಗ” ಎಂದು ಕ್ಯಾನು ಇಸಿದುಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟು ಒಳಗೆ ಬರುತ್ತಿದ್ದಳು. ಆ ಮಗ ಅನ್ನುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನ್ನ ಓಟದ ಚಂದ ಕೇಳಬೇಡಿ. ಸೊಸೈಟಿಯಿಂದ ಹೊರಟಾಗ ಬಿಲ್ಲಿನಿಂದ ಬಿಟ್ಟ ಹಾಗೆ ಹೊರಡುವುದು, ಕಬ್ಬಿನ ತೋಟದ ತಿರುವಿಗೆ ಬರುವಷ್ಟರಲ್ಲಿ ಪಕ್ಕೆ ಹಿಡಿದುಕೊಂಡು ಬದುವಿನ ಮೇಲೆ ಕೂರುವುದು. ಶಾಲೆಯಲ್ಲಿ ಡ್ರಿಲ್ ವಾತಿಯಾರು, ಅಂದರೆ ಮೇಷ್ಟರು, ಎಲ್ಲರ ಎದುರಿಗೇ ತಮಿಳಿನಲ್ಲಿ, “ಏಮ್ಮಾ, ನೀ ಓಡ್ರಿಯಾ, ನಡಕ್ಕಿರಿಯಾ?” ಎಂದು ಕೇಳಿದ್ದರು. ಓಡುತ್ತಿದ್ದೀಯೋ ನಡೆಯುತ್ತಿದ್ದೀಯೋ ಎಂದು! ಎಲ್ಲರಿಗಿಂತ ಜೋರಾಗಿ ನಕ್ಕವಳು ಸೆಲ್ವಿ. ಅವಳ ಕಾಲಿಗೆ ಒಂದು ಮುಳ್ಳಾದರೂ ಚುಚ್ಚಬಾರದೇ ಎಂದು ನಾನು ಮುನಿಯಪ್ಪನಿಗೆ ಹರಕೆ ಹೊತ್ತೆ. ಚುಚ್ಚಿದ್ದು ನನ್ನ ಕಾಲಿಗೆ.

ಕೊನೆಗೆ ಛಲ ಹಿಡಿದು ನಾನೇ ದಾರಿ ಕಂಡುಕೊಂಡೆ. ಮೊದಲಲ್ಲಿ ಹಾರಾಡದೆ, ಹೋಗುವವಳು ಹೋಗಲಿ ಎಂದು ಸೆಲ್ವಿಯನ್ನು ಬಿಟ್ಟುಬಿಡುತ್ತಿದ್ದೆ. ಮುಚ್ಚಳದ ಸದ್ದು ಒಂದೇ ಸಮ ಬರುವ ಹಾಗೆ ಕಾಲು ಹಾಕುವುದು. ಸದ್ದು ಎಡವಿತೆಂದರೆ ಉಸಿರೂ ಎಡವಿತೆಂದು ಲೆಕ್ಕ. ಆ ಮಳೆಗಾಲ ಕಬ್ಬಿನ ತಿರುವು ದಾಟಿದೆ. ಬೇಸಿಗೆಗೆ ಪಂಪ್‌ಸೆಟ್ ಮನೆಯವರೆಗೂ ನಿಲ್ಲದೆ ಬಂದೆ. ಸೆಲ್ವಿಯ ಜಡೆಯ ರಿಬ್ಬನ್ನು ಮೊದಲೆಲ್ಲ ತಿರುವಿನಲ್ಲಿ ಮರೆಯಾದರೆ ಮನೆಗೆ ಬಂದ ಮೇಲೆಯೇ ಮತ್ತೆ ಕಾಣುತ್ತಿತ್ತು, ಈಗ ದಾರಿಯಲ್ಲೇ ಕಾಣತೊಡಗಿತು. ಒಂದು ಬೆಳಿಗ್ಗೆ ಪಂಪ್‌ಸೆಟ್ ಮನೆಯ ಹತ್ತಿರ ಆ ರಿಬ್ಬನ್ನು ನನ್ನ ಪಕ್ಕಕ್ಕೆ ಬಂತು, ಆಮೇಲೆ ಹಿಂದಕ್ಕೆ ಹೋಯಿತು. ಅಯ್ಯೋ, ಆ ಸುಖವನ್ನು ಏನೆಂದು ಹೇಳಲಿ!

ಮನೆ ಮುಂದಕ್ಕೆ ಬಂದೆ. ಅಜ್ಜಿ ಕಿವಿ ನಿಮಿರಿಸಿ, ಕೈಯೆತ್ತಿ, ಗಂಟಲು ಬಿಚ್ಚಿ ಕೂಗಿದಳು: “ಬಂದ್ಲು ಕಣ್ರಲಾ ನಮ್ ಸೆಲ್ವಿ!”

ಮೊದಲು ಬರುವ ಸದ್ದೆಲ್ಲ ಅವಳಿಗೆ ಸೆಲ್ವಿಯದೇ ಆಗಿಹೋಗಿತ್ತು. ನಾನು ಕ್ಯಾನನ್ನು ಅಲ್ಲೇ ಎಸೆದು, “ನಾನು ಕಣಜ್ಜಿ, ಮಾದೇವಿ!” ಎಂದು ಕಿರುಚಿದೆ. ಅಜ್ಜಿ ನನ್ನ ಮುಖವನ್ನೆಲ್ಲ ಕೈಯಲ್ಲಿ ತಡವಿದಳು. “ನೀನಾ? ಅಂಗಾರೆ ಆ ಮಗ ಎಲ್ಲೈತೆ?” ಎಂದು ರಸ್ತೆಯ ಕಡೆಗೆ ತಿರುಗಿಬಿಟ್ಟಳು. ನಾನು ಗೆದ್ದ ದಿನ ನೋಡಿದ್ದು ಅವಳ ಬೆನ್ನನ್ನು. ಮಾರನೆಯ ದಿನದಿಂದ ನಾನೇ ಮೊದಲು. ಅಜ್ಜಿಯೂ ತಪ್ಪದೆ “ನಮ್ ಮಾದೇವಿ ಬಂದ್ಲು” ಎಂದು ಕೂಗಿದಳು, ಅಪ್ಪನೂ ತಲೆ ಎತ್ತಿದ. ಬೆಣ್ಣೆ ಸವರಿದ ಪದರವನ್ನು ಅಡುಗೆಮನೆಯಲ್ಲಿ ಕೂತು ಕರುಂ ಕರುಂ ಎಂದು ತಿನ್ನುತ್ತಾ, ಹೊರಗಿದ್ದ ಸೆಲ್ವಿಗೆ ಕೇಳಲಿ ಎಂದು ಇನ್ನೂ ಜೋರಾಗಿ ಅಗಿಯುತ್ತಿದ್ದೆ. ಮುಂದೆ ಧರ್ಮಪುರಿಯ ಮೈದಾನದಲ್ಲಿ ಗೆದ್ದೆ, ಆ ಓಟದಿಂದಲೇ ಅನ್ನ ಹುಟ್ಟಿತು. ಸೆಲ್ವಿ ಓಟ ಬಿಟ್ಟು ಟೊಮೇಟೊ ಮಂಡಿಯ ವ್ಯಾಪಾರಕ್ಕಿಳಿದಳು. ಅಜ್ಜಿ ಹೋದಳು.

ರಸ್ತೆ ಅಗಲ ಮಾಡುವಾಗ ಮನೆಯೂ ಹೋಯಿತು. ಕೆಡವುವ ದಿನ ನಾವಿಬ್ಬರೂ ಹೋಗಿದ್ದೆವು. ಜೆಸಿಬಿ ಜಗಲಿಯನ್ನು ಎತ್ತಿದಾಗ ಎದ್ದ ಧೂಳಿನಲ್ಲಿ ಸೆಲ್ವಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಂದಳು:

“ಅಕ್ಕಾ, ನಿನ್ ಮ್ಯಾಲೆ ನಂಗೆಷ್ಟು ಒಟ್ಟೆಕಿಚ್ಚಿತ್ತು ಗೊತ್ತಾ?”

“ನನ್ ಮ್ಯಾಲಾ? ನಾನು ಗೆದ್ದಿದ್ದಕ್ಕಾ?”

“ಗೆದ್ದಿದ್ದಕ್ಕಲ್ಲ, ಸೋತಾಗ. ನಂಗೆ ಒಂದ್ ಕೂಗು, ಒಂದ್ ಚೂರು ಸೀದಿಟ್ಟು, ಮುಗೀತು. ಕೂಗ್ಬುಟ್ಟು ಮೊಕ ಆ ಕಡೀಕೆ ತಿರುಗಿಸ್ಕೊಳೋಳು. ನಾನ್ ಪಕ್ಕದಾಗ್ ನಿಂತು ಮಾತಾಡುದ್ರೆ, ‘ಸುಮ್ಕಿರಲೇ, ದೊಡ್ಡೋಳ್ ಸದ್ದು ಕೇಳ್ಬೇಕು’ ಅನ್ನೋಳು. ನೀ ಬರೋಗಂಟ ಒಳೀಕೆ ಓಗ್ತಿರ್ಲಿಲ್ಲ, ನಿನ್ ಎಗಲ್ ಇಡ್ಕೊಂಡೇ ಓಗೋಳು.”

ಅವಳು ನಕ್ಕಳು. “ಆವತ್ತು ನೀ ಗೆದ್ಯಲ್ಲ, ಅದು ನಿಜಕ್ಕೂ ಗೆದ್ದಿದ್ದು. ಪಕ್ಕೆ ಇಡ್ಕೊಂಡು ಲೇಟಾಗ್ ಬಂದೆ, ನೋಡುದ್ರೆ ಅಜ್ಜಿ ನಂಗೋಸ್ಕರ ನಿಂತೈತೆ! ಆವತ್ತಿಂದ ನಾನ್ ಜೋರಾಗ್ ಓಡ್ಲೇ ಇಲ್ಲ ಕಣಕ್ಕಾ. ಪಂಪ್‌ಸೆಟ್‌ತಾವ ನಡ್ಕಂಡ್ ಬರ್ತಿದ್ದೆ.”

ಕಳ್ಳಿ! ನಾನು ಒಳಗೆ ಕೂತು ಅಗಿಯುತ್ತಿದ್ದ ಅಷ್ಟೂ ಹೊತ್ತು ಹೊರಗೆ ಅಜ್ಜಿಯ ಕೈ ಅವಳ ಹೆಗಲ ಮೇಲಿತ್ತು. ಅವಳನ್ನು ಒದೆಯಬೇಕೆನ್ನಿಸಿತು, ತಬ್ಬಿಕೊಂಡು ಅತ್ತುಬಿಟ್ಟೆ. ಅಜ್ಜಿ ನಿಲ್ಲುತ್ತಿದ್ದ ಜಾಗದ ಮೇಲೆ ಈಗ ತರಕಾರಿ ಲಾರಿಗಳು ಓಡಾಡುತ್ತವೆ.

ಹಾಲಿನವನ ಬೈಕು ದೂರಾಗಿ ಆ ಲೊಟಲೊಟ ನಿಲ್ಲುವ ಹೊತ್ತಿಗೆ ನಮ್ಮ ಶಾಲೆಯ ಮಕ್ಕಳ ಓಟವೂ ಮುಗಿದಿರುತ್ತದೆ. ಗೆದ್ದವಳು ಬಂದು ನನ್ನ ಮುಂದೆ ಕುಣಿಯುತ್ತಾಳೆ; ಭೇಷ್ ಎಂದು ಕೂಗಿ ಮುಖ ತಿರುಗಿಸುತ್ತೇನೆ. ಮೈದಾನದ ಆ ತುದಿಯಲ್ಲಿ ಯಾವಳೋ ಒಬ್ಬಳು ಪಕ್ಕೆ ಹಿಡಿದುಕೊಂಡು, ಅಳುಮೋರೆ ಹಾಕಿಕೊಂಡು ಇನ್ನೂ ಬರುತ್ತಿರುತ್ತಾಳೆ. ಅವಳು ಬರುವವರೆಗೆ ನಾನು ಅಲ್ಲೇ ನಿಂತಿರುತ್ತೇನೆ. ನಿಂತಷ್ಟೂ ಹೊತ್ತು, ಕಾಯುವವರಿರುವ ಅವಳನ್ನು ಕಂಡು ಹೊಟ್ಟೆ ಉರಿಯುತ್ತದೆ.