ಒಸಾಕಾದಲ್ಲಿ ಕುಡಿದ ಅಕ್ಕನ ಪಾಲು

ಇಂಥ ಕತೆಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಡುವೆಯೇ ಎದ್ದು ಹೋಗುತ್ತಿದ್ದೆ. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಎರಕದ ಬಿಡಿಭಾಗಗಳ ತಪಾಸಣೆ ನನ್ನ ಕೆಲಸ. ಬಡಿದು ನೋಡಿ, ಅಳೆದು ನೋಡಿ, ಆಮೇಲೆ ಸಹಿ ಹಾಕುವವಳು. ಪವಾಡ, ಹರಕೆ ಎಂದರೆ ಮೊದಲಿನಿಂದಲೂ ನನಗೆ ಆಗಿಬರುವುದಿಲ್ಲ. ಬಸವಣ್ಣನವರನ್ನು ನಂಬಿದವರಿಗೆ ಗುಡಿ ಸುತ್ತುವ ಕೆಲಸವೇನಿದೆ ಎಂದು ಅಪ್ಪ ಕೇಳುತ್ತಿದ್ದರು. ನಾನು ಅಪ್ಪನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಮನೆಯ ಪೂಜೆಯನ್ನೂ ಬಿಟ್ಟಿದ್ದೆ.

ಕೆಲವು ವರ್ಷಗಳ ಹಿಂದೆ ಕಂಪನಿಯವರು ನನ್ನನ್ನು ತರಬೇತಿಗೆಂದು ಜಪಾನಿನ ಒಸಾಕಾಕ್ಕೆ ಕಳಿಸಿದರು. ನಾನು ಅಲ್ಲಿದ್ದಾಗಲೇ ಊರಿನಿಂದ ಫೋನ್ ಬಂತು. ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನಲ್ಲಿದ್ದ ನನ್ನ ಅಕ್ಕ, ಗಂಡ ಸತ್ತ ದುಃಖದಲ್ಲಿ ಮೊದಲೇ ಊಟ ಬಿಟ್ಟಿದ್ದಳು. ಈಗ ನೀರನ್ನೂ ಬಿಟ್ಟಿದ್ದಳು. ಖಾನಾಪುರದ ಆಸ್ಪತ್ರೆಗೆ ಸೇರಿಸಿದರೆ ಸಲೈನ್ ಸೂಜಿಯನ್ನೇ ಕಿತ್ತು ಹಾಕುತ್ತಿದ್ದಳಂತೆ. ಹೋಗುವ ಜೀವ, ಶಾಂತವಾಗಿ ಹೋಗಲಿ ಎಂದು ನೆಂಟರೆಲ್ಲ ಮನೆಗೆ ಕರೆತಂದು ಕೈಚೆಲ್ಲಿದ್ದರು. ಅದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಆಕೆಯ ಹಾಸಿಗೆಯ ಪಕ್ಕ ಬಿಟ್ಟು ಏಳದೆ ಕೂತಿದ್ದವಳು ಬಾಜು ಮನೆಯ ಹಸೀನಾ ಒಬ್ಬಳೇ. ನಾನು ಹೊರಡಬೇಕಾದ ವಿಮಾನ ಮರುದಿನಕ್ಕಿತ್ತು.

ಅವತ್ತು ಬೆಳಗ್ಗೆ ನಮ್ಮ ದುಭಾಷಿ ಹುಡುಗಿ ಹೋಟೆಲ್ ಹತ್ತಿರದ ಶಿಂಟೋ ಧರ್ಮದ ಗುಡಿಯೊಂದನ್ನು ತೋರಿಸುತ್ತೇನೆಂದು ಕರೆದುಕೊಂಡು ಹೋದಳು. ಕೋಣೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆಂದು ನಾನೂ ಹೋದೆ. ಸುತ್ತ ಎತ್ತರದ ಕಟ್ಟಡಗಳು, ನಡುವೆ ಕೆಂಪು ಕಮಾನು, ಅದರ ಒಳಗೆ ಕಲ್ಲಿನ ತೊಟ್ಟಿ. ತೊಟ್ಟಿಯ ಮೇಲೆ ಬಿದಿರಿನ ಸೌಟುಗಳನ್ನು ಇಟ್ಟಿದ್ದರು. ಹುಡುಗಿ ಕೈ ತೊಳೆದುಕೊಂಡು ನನಗೆ ಒಂದು ಸೌಟು ಕೊಟ್ಟಳು. ನಾನು ಬಲ ಅಂಗೈಗೆ ನೀರು ಹಾಕಿಕೊಂಡು ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡೆ. ಮನೆಯಲ್ಲಿ ಚಿಕ್ಕಂದಿನಿಂದ ಪೂಜೆಯಾದ ಮೇಲೆ ಪಾದೋದಕ ಕುಡಿದ ಕೈ, ನನ್ನನ್ನು ಕೇಳಲಿಲ್ಲ. ಹುಡುಗಿ ಗಾಬರಿಯಾದಳು. ಅದು ಕುಡಿಯುವ ನೀರಲ್ಲ, ಬಾಯಿ ಮುಕ್ಕಳಿಸಿ ಪಕ್ಕಕ್ಕೆ ಉಗುಳಬೇಕಂತೆ.

ತಪ್ಪಾಯಿತೆಂದು ನಾನು ಸುಮ್ಮನಾಗಬೇಕಿತ್ತು. ಅದೇನು ಹಟ ಬಂತೋ, ಇನ್ನೊಂದು ಸೌಟು ತುಂಬಿಕೊಂಡೆ. ನೀನು ಯಾವ ದೇವರೋ ನನಗೆ ಗೊತ್ತಿಲ್ಲ, ನಿನಗೆ ಕೈಯನ್ನೂ ಮುಗಿಯುವುದಿಲ್ಲ, ಇದು ನನ್ನ ಅಕ್ಕನ ಪಾಲು ಎಂದು ಮನಸ್ಸಿನಲ್ಲೇ ಹೇಳಿ, ಬೇಕೆಂದೇ ಕುಡಿದೆ. ಗುಡಿಯ ಒಳಗೆ ಹೋಗದೆ ಹಾಗೇ ಹೊರಗೆ ಬಂದೆ.

ಹೋಟೆಲ್ ಬಾಗಿಲಲ್ಲಿದ್ದಾಗ ಹಸೀನಾಳ ಫೋನ್ ಬಂತು. ನಮ್ಮ ಕಡೆ ಆಗಿನ್ನೂ ನಸುಕು. ಬಾಯಿ ಬಿಟ್ಟು ಕೇಳುವುದಕ್ಕೇ ಹೆದರಿಕೆಯಾಯಿತು.

"ಅಕ್ಕಾರ, ನಿಮ್ಮ ಅಕ್ಕ ನೀರು ಕುಡದ್ರು ನೋಡ್ರಿ," ಎಂದಳು. "ತಾವ ಕೇಳಿ ಕುಡದ್ರು. ಖರೇ ಹೇಳ್ತೀನ್ರಿ, ನಾ ಕೊಟ್ಟಿದ್ದು ಸ್ಟೀಲ್ ಗ್ಲಾಸಿನ್ಯಾಗ. ಆದ್ರ ಅವರು, ಬಿದರಿನ ವಾಸನಿ ಬರಾಕತ್ತೈತಿ ಅಂದ್ರು."

ನಾನು ರಸ್ತೆಯಲ್ಲೇ ಕೂತು ಅತ್ತೆ.

ಗುಡಿಯ ಸಂಗತಿಯನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೂ ಹೇಳಿಲ್ಲ. ಹೇಳಿದರೆ ಕೆಲವರು ಕೈಮುಗಿಯುತ್ತಾರೆ, ಕೆಲವರು ನಗುತ್ತಾರೆ. ನನಗೆ ಎರಡೂ ಬೇಕಿಲ್ಲ. ಉಪವಾಸದ ಬಾಯಿಗೆ ಎಂಥೆಂಥದೋ ರುಚಿ, ವಾಸನೆ ಬರುತ್ತದೆ ಎಂದು ನಾನೇ ಸಾವಿರ ಸಲ ಹೇಳಿಕೊಂಡಿದ್ದೇನೆ. ದೇವರನ್ನು ಈಗಲೂ ನಂಬುವುದಿಲ್ಲ. ಹಾಗೆಂದು, ನಡೆದದ್ದನ್ನು ನಡೆದಿಲ್ಲ ಎನ್ನುವುದಕ್ಕೂ ತಯಾರಿಲ್ಲ.

ಅಕ್ಕ ಈಗ ಬೆಳಗಾವಿಯ ಹಿಂದವಾಡಿಯಲ್ಲಿ ನನ್ನ ಜೊತೆಗೇ ಇದ್ದಾಳೆ. ಊಟ ಮಾಡುತ್ತಾಳೆ, ನನ್ನ ಅಡುಗೆಗೆ ಹೆಸರಿಡುತ್ತಾಳೆ. ಹೋದ ತಿಂಗಳು ಒಂದು ಮಧ್ಯಾಹ್ನ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದೆವು. ಆಕೆ ತಲೆ ಎತ್ತದೆ ಕೇಳಿದಳು:

"ನಾ ಹೊಂಟಿದ್ದೆ. ನನ್ನ ಒಂದು ಮಾತು ಕೇಳದ ನೀ ಯಾಕ ನನ್ನ ಪಾಲಿನ ನೀರು ಕುಡದಿ?"

ಹೇಗೆ ಗೊತ್ತಾಯಿತು ಎಂದು ಕೇಳಬೇಕಿತ್ತು.

"ಇನ್ನೊಮ್ಮೆ ಹೊಂಟ್ರ ಇನ್ನೊಮ್ಮೆ ಕುಡೀತೀನಿ," ಎಂದೆ.